ಪದ ಪರಿಚಯ: ವ್ಯಾಜಸ್ತುತಿ

ನಗಿಸುತ್ತಲೇ ಚುಚ್ಚುವ ಬರಹಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಒಬ್ಬರ ಮಾತನ್ನೋ ನಡೆಯನ್ನೋ ಹಾಗೆಯೇ ಮಾಡಿ ತೋರಿಸಿದರೆ ಅಣಕ. ಸಮಾಜದ ಓರೆಕೋರೆಗಳನ್ನು ನಗುತ್ತ ಬಯಲಿಗೆಳೆದರೆ ವಿಡಂಬನೆ. ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಪತ್ರಿಕೆ ಇದಕ್ಕೆ ಹೆಸರಾಗಿತ್ತು. ಒಂದೇ ಮಾತಿನಲ್ಲಿ ಕುಟುಕಿದರೆ ಕಟಕಿ. ಇವೆಲ್ಲ ಕೇಳಿದ ಪದಗಳೇ. ಅಷ್ಟಾಗಿ ಬಳಕೆಯಲ್ಲಿಲ್ಲದ ಇನ್ನೊಂದು ಪದ 'ವ್ಯಾಜಸ್ತುತಿ'.

ಅರ್ಥ: 'ವ್ಯಾಜ' ಎಂದರೆ ನೆಪ, ಸೋಗು. 'ನಿರ್ವ್ಯಾಜ ಪ್ರೀತಿ' ಎನ್ನುತ್ತೇವಲ್ಲ, ಅಲ್ಲಿರುವುದೂ ಇದೇ ಪದ: ಸೋಗಿಲ್ಲದ ಪ್ರೀತಿ. ವ್ಯಾಜಸ್ತುತಿ ಒಂದು ಅರ್ಥಾಲಂಕಾರ. ದಂಡಿಯ 'ಕಾವ್ಯಾದರ್ಶ'ದಲ್ಲಿ, ಬೈದಂತೆ ಮಾಡಿ ಹೊಗಳುವುದಕ್ಕೆ ಈ ಹೆಸರು. ಮುಂದೆ ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ, ಹೊಗಳಿದಂತೆ ಮಾಡಿ ತೆಗಳುವುದನ್ನೂ ಇದರಲ್ಲಿ ಸೇರಿಸಿದನು.

ಮೊದಲ ಬಗೆ: ಇದು ದಾಸರ ಪದಗಳ ಮೂಲಕ 'ನಿಂದಾಸ್ತುತಿ' ಎಂಬ ಹೆಸರಿನಲ್ಲಿ ನಮಗೆ ಪರಿಚಿತ. ಅರ್ಥ ತಿಳಿದ ಮಕ್ಕಳು "ದೇವರನ್ನು ಬೈಯಬಹುದೇ?" ಎಂದು ಕೇಳುವುದುಂಟು. ಅರೋರಾದ ನಮ್ಮ ಬಾಲಾಜಿಯ ಮುಂದೆ ನಿಂತು, "ಮದುವೆಗೆ ಕುಬೇರನಿಂದ ಸಾಲ ತಂದವನು ನೀನು, ನಮಗೇನು ಕೊಟ್ಟೀಯೆ?" ಎಂದೆವೆನ್ನಿ. ಮೇಲಿನಿಂದ ಇದು ಬೈಗುಳ. ಒಳಗಿರುವುದು, ತಾನೇ ಸಾಲಗಾರನಾದರೂ ಬೇಡಿದವರನ್ನು ಬರಿಗೈಲಿ ಕಳಿಸದವನು ಎಂಬ ಹೊಗಳಿಕೆ. ಇಷ್ಟು ಸಲಿಗೆಯಿಂದ ಗದರುವುದು ನಮ್ಮವರನ್ನು ಮಾತ್ರ ಎಂದು ಮಕ್ಕಳಿಗೆ ತಿಳಿಸಿ.

ಎರಡನೆಯ ಬಗೆ: "ಎಂಥ ಸಮಯಪಾಲನೆ ನಿಮ್ಮದು! ಮಂಗಳಾರತಿ ಮುಗಿದು ಪ್ರಸಾದಕ್ಕೆ ಸಾಲು ನಿಲ್ಲುವ ಹೊತ್ತಿಗೆ ಸರಿಯಾಗಿ ಬರುತ್ತೀರಿ." ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ವ್ಯಾಜಸ್ತುತಿಯ ಅರ್ಥ ಅಕ್ಷರದಲ್ಲಿಲ್ಲ, ದನಿಯಲ್ಲಿದೆ. ಹಾಲು ಚೆಲ್ಲಿದ ಮೊಮ್ಮಗಳಿಗೆ ಅಜ್ಜಿ ಫೋನಿನಲ್ಲಿ "ಆಹಾ, ಎಂಥ ಜಾಣೆ!" ಎಂದರೆ, ಪಾಠಪುಸ್ತಕದ ಕನ್ನಡವಷ್ಟೇ ಬಲ್ಲ ಮಗು ಹೊಗಳಿಕೆಯೆಂದೇ ಹಿಗ್ಗುತ್ತದೆ. ಅಕ್ಷರಮಾಲೆಯನ್ನು ಶನಿವಾರದ ತರಗತಿಯಲ್ಲಿ ಕಲಿಸಬಹುದು; ಈ ದನಿ ಮಾತ್ರ ಮನೆಯಲ್ಲಿ ಕನ್ನಡ ಆಡಿದರಷ್ಟೇ ಕಿವಿಗೆ ಹತ್ತುತ್ತದೆ. ಅದು ತಪ್ಪಿದರೆ ಮಕ್ಕಳಿಗೆ ಅಜ್ಜಿಯ ತಮಾಷೆಯೂ ಸಿಗದು, ದಾಸರ ಭಕ್ತಿಯೂ ಸಿಗದು.

ಬಳಕೆ: "ಅವರ ಭಾಷಣ ಸನ್ಮಾನವೋ ವ್ಯಾಜಸ್ತುತಿಯೋ ತಿಳಿಯಲಿಲ್ಲ."

ಅಭ್ಯಾಸ: ಊಟಕ್ಕೆ ಕುಳಿತಾಗ ಮನೆಮಂದಿಯೆಲ್ಲ ಒಂದೊಂದು ವ್ಯಾಜಸ್ತುತಿ ಕಟ್ಟಿರಿ. ಅದು ಯಾವ ಬಗೆಯೆಂದು ಮಕ್ಕಳು ಹೇಳಲಿ. ಅಡುಗೆ ಮಾಡಿದವರ ಮೇಲೆ ಮಾತ್ರ ಎರಡನೆಯ ಬಗೆ ಬೇಡ!