ಮೊದಲು ತಂಬೂರಿ ಕೇಳಲಿ

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಹೊರಟವರಿಗೆ ಮೊದಲ ಪೆಟ್ಟು ಬೀಳುವುದು ತಂಬೂರಿಯಿಂದ. ಮೈಕು ಬಂದಿರುತ್ತದೆ, ಲ್ಯಾಪ್‌ಟಾಪ್ ಇರುತ್ತದೆ, ಹಾಡೂ ಚೆನ್ನಾಗಿ ಆಗಿರುತ್ತದೆ. ಹಿಂದೆ ಫ್ಯಾನಿನ ಗುಂಯ್ ಸದ್ದು ಕೇಳಿಸುತ್ತದೆಂದು ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಗುಂಡಿ ಒತ್ತುತ್ತಾರೆ. ಫ್ಯಾನು ಹೋಗುತ್ತದೆ, ಅದರ ಬೆನ್ನಿಗೇ ತಂಬೂರಿಯೂ ಹೋಗುತ್ತದೆ. ಶಿಷ್ಯನೊಬ್ಬ ಹೀಗೆ ‘ಸ್ವಚ್ಛ’ ಮಾಡಿ ತಂದ ಯಮನ್ ಕೇಳಿ ಹಿರಿಯ ಗಾಯಕರು ಕೇಳಿದ್ದು ಒಂದೇ ಮಾತು: “ಹಾಡಿದ್ದು ಬಂದದ, ತಂಬೂರಿ ಎಲ್ಲಿ ಹೋತೋ ತಮ್ಮಾ?”

ಕಾರಣ ಸರಳ. ಏರಿಳಿತವಿಲ್ಲದೆ ಒಂದೇ ಸಮನೆ ಹರಿಯುವ ಸದ್ದೇ ಗದ್ದಲ ಎಂಬ ಲೆಕ್ಕದ ಮೇಲೆ ಈ ತಂತ್ರ ನಿಂತಿದೆ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಗಾಯಕ ಉಸಿರು ತೆಗೆದುಕೊಳ್ಳುವ ಬಿಡುವನ್ನು ಆರಿಸಿ ‘ಇದು ಗದ್ದಲದ ಮಾದರಿ’ ಎಂದು ತೋರಿಸಬೇಕು. ಖಯಾಲ್ ಹಾಡಿಕೆಯಲ್ಲಿ ಆ ಬಿಡುವಿನಲ್ಲಿ ಫ್ಯಾನೂ ಇರುತ್ತದೆ, ತಂಬೂರಿಯೂ ಇರುತ್ತದೆ. ಯಂತ್ರಕ್ಕೆ ಎರಡೂ ಒಂದೇ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠ ಹೇಳಿದ ಸಂಗೀತ ಶಿಕ್ಷಕರಿಗೆಲ್ಲ ಇದು ಬೇರೆ ರೂಪದಲ್ಲಿ ಗೊತ್ತು. ಮಾತಿಗಾಗಿ ಮಾಡಿದ ಜೂಮ್, ತಂಬೂರಿಯನ್ನು ಹಿನ್ನೆಲೆಯ ಕಿರಿಕಿರಿಯೆಂದು ನುಂಗಿಹಾಕುತ್ತಿತ್ತು. ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಹುಡುಕಿ ತೆರೆದ ಮೇಲಷ್ಟೇ ಷಡ್ಜ ಉಳಿಯಿತು.

ಈ ಬಡಾವಣೆಯ ಮನೆಗಳಲ್ಲಿ ಮೈಕು ನಿಲ್ಲಿಸುತ್ತ, ಕೌದಿ ಕಟ್ಟುತ್ತ ನಾನು ಕಲಿತದ್ದನ್ನೆಲ್ಲ ಒಟ್ಟು ಮಾಡಿದರೆ ಅದರ ತಿರುಳು ಇಷ್ಟು: ಅಗ್ಗದ ಸಲಕರಣೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ನಿಂತು ಹಾಡುವ, ಗಿಟಾರ್ ಬಾರಿಸುವ, ಹಾಡಿಗೆ ನಾಲ್ಕು ನಿಮಿಷ ಸಾಕೆನ್ನುವ ಸಂಗೀತಕ್ಕಾಗಿ ಬರೆದವು. ನೆಲದ ಮೇಲೆ ಕೂತು, ತಂಬೂರಿ ಹಿಂದಿಟ್ಟುಕೊಂಡು, ಮುಕ್ಕಾಲು ಗಂಟೆ ರಾಗ ಬೆಳೆಸುವವರಿಗೆ ಲೆಕ್ಕ ಬೇರೆ.

ಜಾಗವೂ ಅಂಥದು. ಗಂಗೂಬಾಯಿ ಹಾನಗಲ್ ಅವರ ಮನೆ ‘ಗಂಗಾ ಲಹರಿ’ ಇರುವುದು ಇದೇ ದೇಶಪಾಂಡೆ ನಗರದಲ್ಲಿ. ಅವರ ಗುರುವಿನ ಹೆಸರು ಹೊತ್ತ ಸವಾಯಿ ಗಂಧರ್ವ ಸಭಾಭವನವೂ ಇಲ್ಲೇ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿ ತಟ್ಟೆಗಳಿಗೆ ಹಾಡಲು ಮುಂಬಯಿಗೆ ಹೋಗಬೇಕಾಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷ. ಇಡೀ ರಾಗವನ್ನು ಅಷ್ಟರಲ್ಲಿ ಕಟ್ಟಿ ಮುಗಿಸಬೇಕಿತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಸ್ಟುಡಿಯೊ ಇಪ್ಪತ್ತು ಕಿಲೋಮೀಟರಿನಷ್ಟು ಹತ್ತಿರಕ್ಕೆ ಬಂತು. ಈಗ ಅಂಗೈ ಅಗಲದ ಎರಡು ಇನ್‌ಪುಟ್‌ಗಳ ಆಡಿಯೊ ಇಂಟರ್‌ಫೇಸ್ ಆ ಸ್ಟುಡಿಯೊದ ಯಂತ್ರಗಳ ಕೆಲಸವನ್ನೇನೋ ಮಾಡುತ್ತದೆ. ಸ್ಟುಡಿಯೊದ ಮೌನವನ್ನು ಮಾತ್ರ ಅದು ಡಬ್ಬದಲ್ಲಿ ಹೊತ್ತು ತರುವುದಿಲ್ಲ. ಅದನ್ನು ಮನೆಯವರೇ ಮಾಡಿಕೊಳ್ಳಬೇಕು.

ಹಾಗಾಗಿ ಖರ್ಚು ಕೋಣೆಯಿಂದ ಶುರುವಾಗಬೇಕು. ಇಲ್ಲಿಯ ಹಳೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ ಫರಸಿ, ಹೊಸ ಫ್ಲ್ಯಾಟುಗಳಲ್ಲಿ ನುಣುಪು ಟೈಲ್ಸ್. ಎರಡೂ ಸದ್ದನ್ನು ಹಾಗೇ ತಿರುಗಿಸಿ ಎಸೆಯುತ್ತವೆ. ನಿಂತು ಹಾಡುವವರ ಬಾಯಿ ನೆಲದಿಂದ ಐದಡಿ ಮೇಲಿರುತ್ತದೆ, ಕೂತು ಹಾಡುವವರದು ಎರಡೂವರೆ ಅಡಿ. ಎಂದರೆ ನಮ್ಮ ಗಾಯಕರಿಗೆ ಎಲ್ಲಕ್ಕಿಂತ ಹತ್ತಿರದ ಗೋಡೆ ನೆಲವೇ. ಮೊದಲು ಮುಚ್ಚಬೇಕಾದದ್ದು ಅದನ್ನು. ಒಂದು ತೆಳು ಚಾಪೆ ಸಾಲದು. ನವಲಗುಂದದ ದಪ್ಪ ಜಮಖಾನೆ, ಅದರ ಕೆಳಗೊಂದು ಹತ್ತಿಯ ಗಾದಿ ಹಾಸಿದರೆ ದನಿಗೆ ಅಂಟಿದ ಡಬ್ಬಿಯೊಳಗಿನ ಗುಣ ಬಹುಮಟ್ಟಿಗೆ ಹೋಗುತ್ತದೆ.

ಗೋಡೆಗೆ ಬಂದರೆ, ಅಂಗಡಿಯವರು ಮೊದಲು ತೋರಿಸುವುದು ಒಂದಿಂಚಿನ ಕಪ್ಪು ಫೋಮ್. ನೋಡಲು ಸ್ಟುಡಿಯೊದಂತೆಯೇ ಕಾಣುತ್ತದೆ. ಆದರೆ ಅಷ್ಟು ತೆಳುವಾದದ್ದು ಹೀರುವುದು ಮೇಲಿನ ಕಂಪನಗಳನ್ನು ಮಾತ್ರ. 100 ಹರ್ಟ್ಸ್‌ನ ಸದ್ದಿನ ಅಲೆ ಮೂರೂವರೆ ಮೀಟರ್ ಉದ್ದ. ಅದಕ್ಕೆ ಒಂದಿಂಚಿನ ಫೋಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೊನೆಗೆ ದನಿಯ ಹೊಳಪು ಮಾಯವಾಗಿ ಡಗ್ಗಾದ ಗುಂಗು ಹಾಗೇ ಉಳಿಯುತ್ತದೆ. ಮೊಟ್ಟೆಯ ಟ್ರೇಗಳದೂ ಇದೇ ಕತೆ. ಅದರ ಬದಲು ಉತ್ತರ ಕರ್ನಾಟಕದ ಪ್ರತಿ ಮನೆಯ ಅಟ್ಟದಲ್ಲಿರುವ ಕೌದಿ ಎಷ್ಟೋ ಮೇಲು. ಹಳೆಯ ಸೀರೆ, ಧೋತರಗಳ ಪದರ ಸೇರಿಸಿ ಹೊಲಿದ ಕೌದಿಗಳನ್ನು ಎರಡೆರಡು ಸೇರಿಸಿ, ಗೋಡೆಯಿಂದ ನಾಲ್ಕೈದು ಇಂಚು ಬಿಟ್ಟು ಹಗ್ಗದ ಮೇಲೆ ಇಳಿಬಿಡಬೇಕು. ಹಿಂದಿನ ಆ ಖಾಲಿ ಜಾಗದಿಂದಾಗಿ ಅದೇ ಬಟ್ಟೆ ಇನ್ನೂ ಕೆಳಗಿನ ಕಂಪನಗಳನ್ನು ಹಿಡಿಯುತ್ತದೆ. ಗಾಯಕರ ಬೆನ್ನ ಹಿಂದಿನ ಗೋಡೆಗೆ ಮೊದಲ ಕೌದಿ ಬೀಳಬೇಕು. ಮೈಕಿನ ಮುಖ ತಿರುಗಿರುವುದು ಆ ಕಡೆಗೇ. ಕೈಯಲ್ಲಿ ಇನ್ನೂ ದುಡ್ಡಿದ್ದರೆ ಮರದ ಚೌಕಟ್ಟಿನಲ್ಲಿ ನಾಲ್ಕಿಂಚಿನ ರಾಕ್‌ವೂಲ್ ತುಂಬಿ, ಬಟ್ಟೆ ಹೊದಿಸಿ, ಮೂಲೆಗಳಲ್ಲಿ ನಿಲ್ಲಿಸಬಹುದು.

ಕೂರುವ ಜಾಗಕ್ಕೂ ಲೆಕ್ಕವಿದೆ. ಹನ್ನೆರಡು ಅಡಿ ಉದ್ದದ ಕೋಣೆ 47 ಹರ್ಟ್ಸ್‌ಗೆ, ಅದರ ಇಮ್ಮಡಿ 94ಕ್ಕೆ, ಮುಮ್ಮಡಿ 141ಕ್ಕೆ ತಾನೇ ಮಿಡಿಯುತ್ತದೆ. ‘ಕಪ್ಪು ಒಂದು’ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್. ಎಂದರೆ ಆ ಕೋಣೆಯಲ್ಲಿ ಅವರ ಷಡ್ಜವೇ ಗೋಡೆಯ ಹತ್ತಿರ ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಸೊರಗುತ್ತದೆ. ರಿಷಭ ಸರಿ, ಷಡ್ಜ ಮಾತ್ರ ಯಾಕೋ ಗುಂಯ್ಗುಡುತ್ತದೆ ಎಂಬ ದೂರಿಗೆ ಮೈಕು ಬದಲಿಸಿ ಉಪಯೋಗವಿಲ್ಲ. ಗಾಯಕರು ಒಂದಡಿ ಮುಂದಕ್ಕೋ ಹಿಂದಕ್ಕೋ ಸರಿದು, ತಂಬೂರಿ ಮೀಟಿ, ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ.

ಹೀರುವುದು ಬೇರೆ, ತಡೆಯುವುದು ಬೇರೆ. ಹೊರಗಿನ ಸದ್ದನ್ನು ಕೌದಿ ತಡೆಯುವುದಿಲ್ಲ. ಅದಕ್ಕೆ ಭಾರವಾದ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ಹುಬ್ಬಳ್ಳಿಯ ರೈಲು ನಿಲ್ದಾಣ ಇಲ್ಲಿಂದ ದೂರವೇನಲ್ಲ. 2023ರಲ್ಲಿ ಅಲ್ಲಿ 1507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಆ ಹೆಮ್ಮೆ ಏನೇ ಇರಲಿ, ವಿಲಂಬಿತದ ಸಮ್ ಬರುವ ಹೊತ್ತಿಗೆ ಎಂಜಿನ್ನಿನ ಸೀಟಿ ಬಿದ್ದರೆ ಮಾಡುವಂಥದ್ದೇನೂ ಇಲ್ಲ, ಮತ್ತೊಮ್ಮೆ ಹಾಡಬೇಕು. ಕೈಯಲ್ಲಿರುವುದನ್ನು ನಿಲ್ಲಿಸಬಹುದು: ಫ್ಯಾನು, ಫ್ರಿಜ್ಜು, ನೀರಿನ ಪಂಪು. ಏಪ್ರಿಲಿನಲ್ಲಿ ಫ್ಯಾನು ನಿಲ್ಲಿಸಿ ಮುಕ್ಕಾಲು ಗಂಟೆ ಕೂರುವುದು ಯಾರಿಗೂ ಆಗದ ಮಾತು. ಹಾಗಾಗಿ ಬೇಸಿಗೆಯ ರೆಕಾರ್ಡಿಂಗ್ ನಸುಕಿನಲ್ಲೋ ರಾತ್ರಿ ಹತ್ತರ ಮೇಲೋ ಇಟ್ಟುಕೊಳ್ಳುವುದು ಜಾಣತನ. ಭೈರವಕ್ಕೂ ಮಾಲಕಂಸಕ್ಕೂ ಅವೇ ಸರಿಯಾದ ಹೊತ್ತು ಎಂಬುದು ಮೇಲಿನ ಲಾಭ.

ಇಷ್ಟಾದ ಮೇಲೆ ಮೈಕು. ಮೈಕಿಗೂ ತನ್ನದೇ ಸಣ್ಣ ಸುಯ್ ಸದ್ದು ಇರುತ್ತದೆ. ಅಗ್ಗದ ಕಂಡೆನ್ಸರ್ ಮೈಕುಗಳಲ್ಲಿ ಹೆಸರಾದ ಆಡಿಯೊ-ಟೆಕ್ನಿಕಾ ಎಟಿ2020ರಲ್ಲಿ ಅದು 20 ಡೆಸಿಬಲ್, ಬೆಲೆಯಲ್ಲಿ ಮೇಲಿನ ರೋಡ್ ಎನ್‌ಟಿ1-ಎಯಲ್ಲಿ 5. ಕಾಗದದ ಮೇಲೆ ಅಜಗಜಾಂತರ. ಆದರೆ ಪೇಟೆಯ ನಡುವಿನ ಕೋಣೆಯೊಂದು ರಾತ್ರಿಯಲ್ಲೂ 30 ಡೆಸಿಬಲ್‌ಗಿಂತ ಕೆಳಗಿಳಿಯುವುದು ಅಪರೂಪ. ಕೋಣೆಯ ಸದ್ದೇ ಮೈಕಿನ ಸದ್ದನ್ನು ಮುಚ್ಚಿಹಾಕುವಾಗ ಆ ಹೆಚ್ಚಿನ ಹಣಕ್ಕೆ ಅರ್ಥವಿಲ್ಲ.

ಇನ್ನು ಡೈನಮಿಕ್ ಮೈಕು. 1966ರಲ್ಲಿ ಬಂದು ಇಂದಿಗೂ ಪ್ರತಿ ವೇದಿಕೆಯ ಮೇಲೆ ಕಾಣುವ ಶೂರ್ ಎಸ್‌ಎಂ58 ಬಾಯಿಗೆ ಹತ್ತಿರ ಹಿಡಿದಾಗ ಕೋಣೆಯನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ. ಗೀಗೀ ಪದ, ತತ್ವಪದ, ಭಜನೆ ಎತ್ತರದ ದನಿಯಲ್ಲಿ ಹಾಡುವವರಿಗೆ, ಗದ್ದಲದ ಮನೆಯವರಿಗೆ ಇದೇ ಸರಿ. ಆದರೆ ಖಯಾಲ್ ಹಾಡುವವರು ಸ್ವರದ ಜತೆ ತಲೆ, ಕೈ, ಮೈಯೆಲ್ಲ ತೂಗುತ್ತಾರೆ. ಎರಡಿಂಚು ದೂರದ ಮೈಕಿಗೆ ನಾಲ್ಕಿಂಚು ಸರಿದರೆ ದನಿಯೇ ಬೇರೆಯಾಗುತ್ತದೆ. ಹತ್ತಿರ ಬಂದಾಗ ತಗ್ಗಿನ ಸ್ವರ ಉಬ್ಬುವುದು ಇಂಥ ಮೈಕುಗಳ ಸ್ವಭಾವ. ಅವರಿಗೆ ಕಂಡೆನ್ಸರ್ ಮೈಕನ್ನು ಹತ್ತು, ಹನ್ನೆರಡು ಇಂಚು ದೂರದಲ್ಲಿ, ಗಲ್ಲದ ಮಟ್ಟದಿಂದ ಬಾಯಿಯ ಕಡೆ ಮುಖ ಮಾಡಿ ಇಡುವುದು ಒಳ್ಳೆಯದು. ಇದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ಇಂಟರ್‌ಫೇಸಿನಲ್ಲಿ ಅದರ ಗುಂಡಿ ಇರುತ್ತದೆ. ಸ್ಟ್ಯಾಂಡ್ ಕೊಳ್ಳುವಾಗ ಕೂತವರ ಮಟ್ಟಕ್ಕೆ ಇಳಿಯುವ ಗಿಡ್ಡ ಬೂಮ್ ಸ್ಟ್ಯಾಂಡನ್ನೇ ಕೇಳಬೇಕು. ಮಳೆಗಾಲದಲ್ಲಿ ಮೈಕು ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜತೆ ಇರಬೇಕು, ತೇವ ಅದರ ವೈರಿ.

ಇಂಟರ್‌ಫೇಸಿಗೆ ಎರಡು ಮೈಕ್ ಇನ್‌ಪುಟ್ ಇರಲೇಬೇಕು. ಒಂದು ದನಿಗೆ, ಇನ್ನೊಂದು ವಾದ್ಯಕ್ಕೆ. ಬೆರಿಂಜರ್ ಯುಎಂಸಿ202ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಈ ಬಗೆಯವು. ಎರಡೂ 24 ಬಿಟ್‌ನಲ್ಲಿ ದಾಖಲಿಸುತ್ತವೆ. 16 ಬಿಟ್‌ಗೆ ಲೆಕ್ಕದ ಪ್ರಕಾರ 96 ಡೆಸಿಬಲ್‌ನ ಹರವು, 24 ಬಿಟ್‌ಗೆ 144. ಇದರ ಪ್ರಯೋಜನ ಹಾಡುವಾಗ ಗೊತ್ತಾಗುತ್ತದೆ. ಮಂದ್ರದ ಆಲಾಪಕ್ಕೆ ಮಟ್ಟ ಕೂರಿಸಿದರೆ ತಾರ ಷಡ್ಜಕ್ಕೆ ಮೀಟರ್ ಕೆಂಪಾಗಿ ದನಿ ಒಡೆಯುತ್ತದೆ, ಅದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಹೊಲಿಯಲಾರದು. ಆದ್ದರಿಂದ ಗಾಯಕರಿಂದ ಮೊದಲೇ ಅವರ ಅತಿ ಜೋರಿನ ತಾನ್ ಹಾಡಿಸಿ, ಅದು ಮೈನಸ್ 12 ಡೆಸಿಬಲ್‌ನ ಆಸುಪಾಸು ನಿಲ್ಲುವಂತೆ ಮಟ್ಟ ಇಡಬೇಕು. ಆಲಾಪ ತೀರ ಮೆಲ್ಲಗೆ ಬಂದಿತೆಂಬ ಹೆದರಿಕೆ ಬೇಡ, ಆಮೇಲೆ ಏರಿಸಿಕೊಳ್ಳಬಹುದು.

ವಾದ್ಯಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಹಟ. ಮೀರಜಿನ ತಂಬೂರಿಯಾದರೆ ಕುದುರೆಯಿಂದ ಒಂದಡಿ ದೂರಕ್ಕೆ ಮೈಕು. ಜವಾರಿಯ ಝೇಂಕಾರ ಹುಟ್ಟುವುದು ಅಲ್ಲಿ. ಇಂಟರ್‌ಫೇಸಿನಲ್ಲೋ ಮೈಕಿನಲ್ಲೋ ಇರುವ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಗುಂಡಿಯನ್ನು ಇಲ್ಲಿ ಮುಟ್ಟಬಾರದು. ‘ಕಪ್ಪು ಒಂದ’ರ ಖರ್ಜದ ತಂತಿ ಮಿಡಿಯುವುದೇ 69 ಹರ್ಟ್ಸ್‌ನಲ್ಲಿ. ತಂಬೂರಿ ಮೊಬೈಲ್ ಆ್ಯಪಿನದೋ ರೇಡಲ್ ಪೆಟ್ಟಿಗೆಯದೋ ಆಗಿದ್ದರೆ ಅದನ್ನು ಸ್ಪೀಕರಿನಲ್ಲಿ ನುಡಿಸಿ ಮೈಕಿನಿಂದ ಹಿಡಿಯುವ ಬಳಸು ದಾರಿ ಬೇಡ, ವೈರಿನಿಂದ ನೇರ ಎರಡನೆಯ ಇನ್‌ಪುಟ್ಟಿಗೆ ಕೊಡಬಹುದು. ಪೇಟಿಯ ಮೈಕು ಭಾತೆಯಿಂದ ದೂರ, ಮುಂಬದಿಯ ಮೇಲೆ ಒಂದೂವರೆ ಅಡಿ ಎತ್ತರದಲ್ಲಿರಲಿ. ಇಲ್ಲವಾದರೆ ಗಾಳಿಯ ಉಸ್ ಸದ್ದು ರೀಡಿನ ಸ್ವರಕ್ಕಿಂತ ಮುಂದೆ ಬರುತ್ತದೆ. ತಬಲಾ ಮತ್ತು ಡಗ್ಗಾಗಳ ನಡುವೆ ಮೇಲಿನಿಂದ ನೋಡುವ ಒಂದೇ ಮೈಕು ಮನೆಗೆ ಸಾಕು. ಗಾಯಕರೂ ತಬಲಾ ಸಾಥಿಯೂ ಒಂದೇ ಕೋಣೆಯಲ್ಲಿ ಕೂತರೆ ಮೈಕುಗಳ ನಡುವಿನ ಅಂತರ, ಮೈಕಿನಿಂದ ಬಾಯಿಗಿರುವ ದೂರದ ಮೂರು ಪಟ್ಟಾದರೂ ಇರಬೇಕೆಂಬುದು ಹಳೆಯ ಕಟ್ಟಳೆ. ಒಂದಡಿಗೆ ಮೂರಡಿ.

ಕರೆಂಟು ಇನ್ನೊಂದು ತಲೆನೋವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅದೂ ಅದರ ಇಮ್ಮಡಿಯೂ ತಂಬೂರಿಯ ಕೆಳಗೆ ಹೊಂಚಿ ಕೂತು ಶ್ರುತಿಗೆ ಕಲ್ಲು ಹಾಕುತ್ತವೆ. ಗೋಡೆಯ ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರೀಶಿಯನ್‌ನಿಂದ ನೋಡಿಸಬೇಕು. ಮನೆಯ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡದಿರುವುದು ಲೇಸು. ಅಗ್ಗದವು ಕೊಡುವ ಚೌಕ ಅಲೆಯ ಕರೆಂಟು ಝರ್ ಎನ್ನಿಸುತ್ತದೆ. ಎಲ್ಲಕ್ಕಿಂತ ಸುಲಭದ ಮದ್ದು ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯ ಮೇಲೆ ಓಡಿಸುವುದು.

ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವ, ವೈರಿನದೇ ಆಗಿರಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬಂದು ಲಯ ಕೆಡುತ್ತದೆ. ಒಟ್ಟು ಲೆಕ್ಕ ಹೀಗೆ: ಮೈಕು ಎಂಟು ಹತ್ತು ಸಾವಿರ, ಇಂಟರ್‌ಫೇಸ್ ಸುಮಾರು ಅಷ್ಟೇ, ಹೆಡ್‌ಫೋನ್ ನಾಲ್ಕೈದು, ಸ್ಟ್ಯಾಂಡ್ ಮತ್ತು ಕೇಬಲ್ ಎರಡು ಸಾವಿರ. ಸಾಫ್ಟ್‌ವೇರ್ ಉಚಿತ. ಇಪ್ಪತ್ತೈದು, ಮೂವತ್ತು ಸಾವಿರದೊಳಗೆ ಗಂಭೀರ ಕೆಲಸ ಶುರುವಾಗುತ್ತದೆ. ಅಷ್ಟಿಲ್ಲದವರು ಕೌದಿ, ಗಾದಿ, ನಸುಕಿನ ಹೊತ್ತು ಇವನ್ನು ಒದಗಿಸಿಕೊಂಡು ಮೊಬೈಲಿನಲ್ಲೇ ಮುದ್ರಿಸಿದರೂ, ಬರಿ ಫರಸಿಯ ಕೋಣೆಯ ದುಬಾರಿ ಮೈಕಿಗಿಂತ ಕಿವಿಗೆ ಹಿತವಾದದ್ದು ಸಿಗುತ್ತದೆ.

ಪರೀಕ್ಷೆಯನ್ನೂ ತಂಬೂರಿಗೇ ಬಿಡಬಹುದು. ಯಾರೂ ಹಾಡುವ ಮೊದಲು ಒಂದು ನಿಮಿಷ ಖಾಲಿ ಕೋಣೆಯನ್ನು, ಒಂದು ನಿಮಿಷ ತಂಬೂರಿಯೊಂದನ್ನೇ ಮುದ್ರಿಸಿ ಕೇಳಿದರೆ ಫ್ಯಾನು, ಕರೆಂಟಿನ ಗುಂಗು, ಗೋಡೆಯ ಮಿಡಿತ ಎಲ್ಲ ಬಯಲಾಗುತ್ತವೆ. ಗದ್ದಲವನ್ನು ತೆಗೆಯಲೇಬೇಕಾದರೆ ಆ ಖಾಲಿ ನಿಮಿಷವೇ ಮಾದರಿ, ಅದರಲ್ಲಿ ತಂಬೂರಿ ಇರುವುದಿಲ್ಲ. ಅದನ್ನೂ ಹಾಡಿನ ಒಂದು ನಕಲಿನ ಮೇಲಷ್ಟೇ ಪ್ರಯೋಗಿಸಿ, ಮೂಲವನ್ನು ಹಾಗೇ ಇಡಬೇಕು.

ಇಲ್ಲಿಯ ಮನೆಗಳಲ್ಲಿ ಹೆಚ್ಚಾಗಿ ಮುದ್ರಣವಾಗುವುದು ಆಲ್ಬಂ ಅಲ್ಲ, ಪಾಠ. ವಯಸ್ಸಾದ ಗುರು ಹೇಳಿಕೊಟ್ಟ ಬಂದಿಶ್, ಊರ ಭಜನಿ ಮೇಳದವರ ಪದ. 48 ಕಿಲೋಹರ್ಟ್ಸ್, 24 ಬಿಟ್‌ನ ಎರಡು ಟ್ರ್ಯಾಕುಗಳಿಗೆ ಗಂಟೆಗೆ ಸುಮಾರು ಒಂದು ಜಿಬಿ ಜಾಗ ಬೇಕು, ಎರಡು ಬೇರೆ ಡಿಸ್ಕುಗಳಲ್ಲಿ ಇಟ್ಟುಕೊಳ್ಳುವುದು ಭಾರವೇನಲ್ಲ. ಕಡತದ ಹೆಸರಿನಲ್ಲೇ ರಾಗ, ತಾಳ, ಶ್ರುತಿ, ದಿನಾಂಕ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿದವರಿಗೂ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕಿದೆ, ಮೈಕು ಯಾರದೇ ಆಗಿರಲಿ. ಯಾವುದನ್ನು ಯೂಟ್ಯೂಬಿಗೆ ಹಾಕಬಹುದು, ಯಾವುದು ಶಿಷ್ಯರಿಗೆ ಮಾತ್ರ ಎಂಬುದನ್ನು ಹಾಡು ಶುರುವಾಗುವ ಮುನ್ನ ಗುರುಗಳ ಬಾಯಿಂದಲೇ ಹೇಳಿಸಿ, ಅದೇ ಕಡತದ ತಲೆಯಲ್ಲಿ ಮುದ್ರಿಸಿಕೊಂಡರೆ ನಾಳೆ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ತಕರಾರು ಬರುವುದಿಲ್ಲ.