ಮಲಗಿದವರನ್ನು ಹೊಗೆ ಎಬ್ಬಿಸುವುದಿಲ್ಲ

ಕಾಚಿಗುಡದ ಸೋದರಿಗೆ,

ಕೆಳಗೆ ಅಂಗಡಿ, ಮೇಲೆ ಮನೆ, ಇಳಿಯಲು ಒಂದೇ ಇಕ್ಕಟ್ಟಾದ ಮೆಟ್ಟಿಲು ಎಂದು ಬರೆದಿದ್ದೀರಿ. ನಿಮ್ಮ ಭಯಕ್ಕೆ ಕಾರಣವಿದೆ. 2025ರ ಮೇ 18ರ ಭಾನುವಾರ ಬೆಳಗ್ಗೆ ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಜ್‌ನಲ್ಲಿ ಇಂಥದ್ದೇ ಕಟ್ಟಡಕ್ಕೆ ಬೆಂಕಿ ಬಿದ್ದು, 8 ಮಕ್ಕಳೂ ಸೇರಿ 17 ಮಂದಿ ತೀರಿಕೊಂಡರು. ಅಲ್ಲಿ ಜೀವ ತೆಗೆದದ್ದು ಮುಖ್ಯವಾಗಿ ಹೊಗೆ. ನಿದ್ದೆಯಲ್ಲಿ ಮೂಗು ಎಚ್ಚರಿಸುತ್ತದೆಂದು ನಂಬಬೇಡಿ. ಹೊಗೆಯೊಳಗಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಬ್ಯಾಟರಿಯಿಂದ ನಡೆಯುವ ಸ್ಮೋಕ್ ಅಲಾರಂ ಈ ವಾರವೇ ತನ್ನಿ. ಮಲಗುವ ಕೋಣೆಯ ಸೂರಿಗೊಂದು, ಮೆಟ್ಟಿಲ ಮೇಲ್ಗಡೆಗೊಂದು. ಅಡುಗೆಮನೆಯಲ್ಲಿ ಬೇಡ, ಒಗ್ಗರಣೆಗೆಲ್ಲ ಅದು ಕೂಗಿದರೆ ಮನೆಯವರೇ ಬ್ಯಾಟರಿ ಕಿತ್ತಿಡುತ್ತಾರೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ, ಹತ್ತು ವರ್ಷವಾದರೆ ಹೊಸದು ಹಾಕಿ. ನಿಮ್ಮ ಅತ್ತೆಯವರಿಗೆ ಕಿವಿ ಮಂದ ಎಂದಿರಿ: ಅವರನ್ನು ಎಬ್ಬಿಸುವವರು ಯಾರೆಂದು ಇಂದೇ ಗೊತ್ತುಮಾಡಿ.

ಮೆಟ್ಟಿಲ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವುದನ್ನು ಖಂಡಿತ ನಿಲ್ಲಿಸಿ. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನಲ್ಲಿ ಎಂಟು ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಹೊತ್ತಿದ್ದು ನೆಲಮಾಳಿಗೆಯ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿನಲ್ಲಿ, ಸತ್ತವರು ಮೇಲಿನ ಲಾಡ್ಜಿನಲ್ಲಿದ್ದವರು. ಕಿಟಕಿಯ ಒಂದು ಗ್ರಿಲ್ ಒಳಗಿನಿಂದ ತೆರೆಯುವಂತಿರಲಿ. ಬೆಂಕಿ ಕಂಡರೆ ಮೊದಲು ಹೊರಗೆ ಬನ್ನಿ, ಆಮೇಲೆ 101ಕ್ಕೆ ಕರೆ ಮಾಡಿ. ವೈರಿಂಗ್ ಬದಲಿಸಲು ಮನೆ ಮಾಲೀಕರು ತಡಮಾಡಬಹುದು. ಅಲಾರಂ ಹಾಕಿಸಲು ಅವರಿಗಾಗಿ ದಯವಿಟ್ಟು ಕಾಯಬೇಡಿ.