ಅಂಗಳಕ್ಕೊಂದು ಅಂಜೂರ: ಯಾವ ತಳಿ ತರೋಣ?



ಒಣ ಅಂಜೂರ ನಮಗೆಲ್ಲ ಗೊತ್ತು. ಅಂಗಡಿಯಲ್ಲಿ ಹಗ್ಗಕ್ಕೆ ಪೋಣಿಸಿ ಮಾಲೆಯ ಹಾಗೆ ತೂಗು ಹಾಕಿರುತ್ತಾರೆ. ಬಾಣಂತಿಗೆ ಕೊಡಿ, ಮಕ್ಕಳಿಗೆ ಕೊಡಿ ಅಂತ ಹಿರಿಯರು ಹೇಳುತ್ತಾರೆ. ಆದರೆ ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ. ಹಾಗಾದರೆ ಮನೆಯಲ್ಲೇ ಒಂದು ಗಿಡ ಬೆಳೆಸಬಾರದೇ?

ಬೆಳೆಸಬಹುದು. ಆದರೆ ಯಾವ ಗಿಡ, ಯಾವ ತಳಿ ಅಂತ ತಿಳಿದು ತರಬೇಕು. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಮನೆ ಬಾಗಿಲಿಗೆ ಬಂದ ಗಾಡಿಯಿಂದ ಎರಡು ಗಿಡ ಕೊಂಡರು. ಸಂಘದಲ್ಲಿ ಉಳಿಸಿದ ಹಣ ಕೊಟ್ಟರು. ಗಿಡದಲ್ಲಿ ಹೆಸರಿನ ಚೀಟಿ ಇರಲಿಲ್ಲ. ಮೊದಲ ಮಳೆಗಾಲದಲ್ಲೇ ಒಂದು ಕೊಳೆಯಿತು. ಇನ್ನೊಂದು ಆಳೆತ್ತರ ಬೆಳೆಯಿತು, ಹಣ್ಣು ಮಾತ್ರ ಬಿಡಲಿಲ್ಲ. "ಟೀಚರೇ, ಹಣವೂ ಹೋಯಿತು, ಎರಡು ವರ್ಷವೂ ಹೋಯಿತು" ಅಂದರು. ಅವರು ಕೇಳಿದ ಪ್ರಶ್ನೆಗಳಿಂದಲೇ ಈ ಪಾಠ ಹುಟ್ಟಿತು.

ತಳಿ ಅಂದರೆ ಏನು?

ಕಟಪಾಡಿ ಹತ್ತಿರದ ಮಟ್ಟು ಗ್ರಾಮದ ಗುಳ್ಳ ನಮಗೆ ಗೊತ್ತುಂಟು. ಪೇಟೆಯಲ್ಲಿ ಬೇರೆ ಬದನೆಗಳೂ ಸಿಗುತ್ತವೆ. ಎಲ್ಲವೂ ಬದನೆಯೇ. ಆದರೆ ಮಟ್ಟುಗುಳ್ಳದ ರುಚಿ ಬೇರೆ, ಬಣ್ಣ ಬೇರೆ, ಬೇಯುವ ರೀತಿ ಬೇರೆ. ಇದೇ ತಳಿ. ಒಂದೇ ಜಾತಿಯ ಗಿಡದಲ್ಲಿ ಗುಣ ಬೇರೆ ಬೇರೆ ಇದ್ದರೆ ಅವು ಬೇರೆ ಬೇರೆ ತಳಿಗಳು.

ಅಂಜೂರದಲ್ಲೂ ಹಾಗೆಯೇ. ಹಸಿರು ಹಣ್ಣಿನ ತಳಿ ಉಂಟು, ನೇರಳೆ ಹಣ್ಣಿನ ತಳಿ ಉಂಟು. ಚಟ್ಟಿಗೆ ಹೊಂದುವುದುಂಟು, ತೋಟಕ್ಕೆ ಹೊಂದುವುದುಂಟು.

ಅತ್ತಿಯ ತಂಗಿ ಅಂಜೂರ

ಅತ್ತಿ, ಆಲ, ಅರಳಿ, ಅಂಜೂರ ಇವೆಲ್ಲ ಒಂದೇ ಬಳಗ. ಹಲಸು, ಜೀಗುಜ್ಜೆ, ಹಿಪ್ಪುನೇರಳೆ ಇವು ಹತ್ತಿರದ ನೆಂಟರು. ಗೆಲ್ಲು ಮುರಿದರೆ ಎಲ್ಲದರಲ್ಲೂ ಬಿಳಿ ಹಾಲು ಬರುತ್ತದೆ.

ಈ ಬಳಗದಲ್ಲಿ ಒಂದು ವಿಚಿತ್ರ ಉಂಟು. ಅತ್ತಿಯ ಹೂ ಕಂಡವರಿಲ್ಲ ಅನ್ನುತ್ತಾರೆ. ಹೂ ಇಲ್ಲದೆ ಅಲ್ಲ, ಕಾಯಿಯ ಒಳಗೇ ಹೂ ಇರುತ್ತದೆ. ಅತ್ತಿಯ ಹಣ್ಣು ಬಿಡಿಸಿದರೆ ಸಣ್ಣ ಹುಳಗಳು ಕಾಣುತ್ತವೆ ಅಲ್ವಾ? ಒಂದು ಜಾತಿಯ ಪುಟ್ಟ ಕಣಜ ಕಾಯಿಯ ತುದಿಯ ತೂತಿನಿಂದ ಒಳಗೆ ಹೋಗಿ ಮೊಟ್ಟೆ ಇಡುತ್ತದೆ. ಅದೇ ಹೂವಿನಿಂದ ಹೂವಿಗೆ ಪರಾಗ ಸಾಗಿಸುತ್ತದೆ.

"ಹಾಗಾದರೆ ಅಂಜೂರಕ್ಕೂ ಕಣಜ ಬೇಕಾ?" ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕೆಲವು ತಳಿಗೆ ಬೇಕು, ಕೆಲವು ತಳಿಗೆ ಬೇಡ.

ಟರ್ಕಿ ದೇಶದಲ್ಲಿ ಸ್ಮಿರ್ನಾ ಎಂಬ ತಳಿ ಉಂಟು. ಒಣಗಿಸಲು ಬಹಳ ಒಳ್ಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾದ ರೈತರು ಆ ಗಿಡಗಳನ್ನು ತಂದು ನೆಟ್ಟರು. ಗಿಡ ಚೆನ್ನಾಗಿ ಬೆಳೆಯಿತು, ಆದರೆ ಕಾಯಿ ಹಣ್ಣಾಗದೆ ಉದುರಿತು. ಕಾರಣ, ಅಲ್ಲಿ ಆ ಕಣಜ ಇರಲಿಲ್ಲ. 1899ರಲ್ಲಿ ಕಣಜವನ್ನು ತಂದು ನೆಲೆ ಮಾಡಿದ ಮೇಲೆಯೇ ಹಣ್ಣು ನಿಂತಿತು.

ನಮ್ಮ ಊರಿನ ಅತ್ತಿಯ ಕಣಜ ಅಂಜೂರದ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಕಣಜ ಬೇಡದ ತಳಿಯನ್ನೇ ನಾವು ಆರಿಸಬೇಕು. ಒಣ ಹಣ್ಣಿನ ಬೀಜ ಬಿತ್ತಿ ಗಿಡ ಮಾಡಿದರೆ ಹಣ್ಣು ಬಿಡುವುದೆಂಬ ಭರವಸೆ ಇಲ್ಲ. ಮಲ್ಲಿಗೆಯ ಹಾಗೆ ಗೆಲ್ಲು ನೆಟ್ಟು ಮಾಡಿದ ಗಿಡವೇ ಬೇಕು. ಗೆಲ್ಲಿನ ಗಿಡದಲ್ಲಿ ತಾಯಿಯ ಗುಣವೇ ಬರುತ್ತದೆ.

ನಮ್ಮ ಮಳೆ, ಅಂಜೂರದ ಹಗೆ

ಅಂಜೂರ ಒಣ ಸೀಮೆಯ ಗಿಡ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಕಡೆ ಅದು ಬೆಳೆಯುತ್ತದೆ. ಶ್ರೀರಂಗಪಟ್ಟಣದ ಹತ್ತಿರದ ಗಂಜಾಂ ಒಂದು ಕಾಲದಲ್ಲಿ ಅಂಜೂರಕ್ಕೆ ಹೆಸರಾಗಿತ್ತು. ಬಳ್ಳಾರಿಯಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ. ಉಡುಪಿಯಲ್ಲಿ ಸುಮಾರು 4000 ಮಿಲಿಮೀಟರ್. ಘಟ್ಟದ ಬುಡದ ಕಾರ್ಕಳದಲ್ಲಿ ಇನ್ನೂ ಹೆಚ್ಚು.

ಇಷ್ಟು ಮಳೆಯಿಂದ ಮೂರು ತೊಂದರೆ ಬರುತ್ತದೆ.

ಒಂದು: ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಎರಡು: ಎಲೆಗೆ ತುಕ್ಕು ರೋಗ ಬರುತ್ತದೆ. ಎಲೆಯ ಅಡಿಯಲ್ಲಿ ಕಬ್ಬಿಣದ ತುಕ್ಕಿನಂಥ ಪುಡಿ ಕಾಣುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ.

ಮೂರು: ಮಳೆಯಲ್ಲಿ ಹಣ್ಣು ಒಡೆಯುತ್ತದೆ, ಹುಳಿಯಾಗುತ್ತದೆ.

ಹಣ್ಣಿನ ತುದಿಯ ತೂತಿಗೆ 'ಕಣ್ಣು' ಅನ್ನುತ್ತಾರೆ. ಕಣ್ಣು ತೆರೆದಿದ್ದರೆ ಮಳೆನೀರು, ಇರುವೆ ಒಳಗೆ ಹೋಗುತ್ತವೆ. ಅಮೆರಿಕದ ದಕ್ಷಿಣದಲ್ಲಿ ಸೆಕೆ, ಮಳೆ ಎರಡೂ ಹೆಚ್ಚು ಇರುವ ಊರುಗಳಿವೆ. ಅಲ್ಲಿಯವರು ಕಣ್ಣು ಮುಚ್ಚಿರುವ ತಳಿಯನ್ನೇ ಹುಡುಕಿ ನೆಡುತ್ತಾರೆ. ನಾವೂ ಗಿಡ ಕೊಳ್ಳುವಾಗ "ಇದರ ಹಣ್ಣಿನ ಕಣ್ಣು ದೊಡ್ಡದಾ, ಚಿಕ್ಕದಾ?" ಅಂತ ಕೇಳಬೇಕು.

ಸಿಗುವ ತಳಿಗಳು

ಪೂನಾ: ನಮ್ಮ ದೇಶದಲ್ಲಿ ಹೆಚ್ಚು ಬೆಳೆಯುವ ತಳಿ ಇದು. ಹಣ್ಣು ಸಿಹಿ. ಕಣಜ ಬೇಡ. ಪುಣೆ ಜಿಲ್ಲೆಯ ಪುರಂದರ ತಾಲೂಕಿನ ಅಂಜೂರ ಪ್ರಸಿದ್ಧ. 2016ರಲ್ಲಿ ಅದಕ್ಕೆ, ನಮ್ಮ ಮಟ್ಟುಗುಳ್ಳದ ಹಾಗೆಯೇ, ಊರಿನ ಹೆಸರಿನ ಗುರುತು ಸಿಕ್ಕಿತು. ಆದರೆ ಮಳೆಗಾಲದಲ್ಲಿ ಇದಕ್ಕೆ ತುಕ್ಕು ರೋಗದ ಕಾಟ ಉಂಟು.

ಬ್ರೌನ್ ಟರ್ಕಿ: ಹಣ್ಣು ಕಂದು, ನೇರಳೆ ಬಣ್ಣ. ಗಿಡವನ್ನು ಕತ್ತರಿಸಿ ಗಿಡ್ಡವಾಗಿ ಇಡಬಹುದು. ಜೋರಾಗಿ ಕತ್ತರಿಸಿದರೂ ಹೊಸ ಚಿಗುರಿನಲ್ಲಿ ಕಾಯಿ ಬಿಡುತ್ತದೆ. ಹಾಗಾಗಿ ಚಟ್ಟಿಗೆ ಒಳ್ಳೆಯದು. ಇದಕ್ಕೂ ಕಣಜ ಬೇಡ. ಕಣ್ಣು ಪೂರ್ತಿ ಮುಚ್ಚಿರುವುದಿಲ್ಲ, ಅದೊಂದು ಕೊರತೆ.

ಡಿಯಾನ ಮತ್ತು ಕೊನಾಡ್ರಿಯ: ಎರಡೂ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ತಳಿಗಳು. ಹಣ್ಣಿನ ಸಿಪ್ಪೆ ಹಸಿರು ಹಳದಿ. ಹಣ್ಣಾದರೂ ಕಪ್ಪಾಗುವುದಿಲ್ಲ. ಡಿಯಾನದ ಹಣ್ಣು ದಪ್ಪ. ನೆಲದಲ್ಲಿ ನೆಟ್ಟರೆ ಗಿಡ ಅಗಲಕ್ಕೆ ಬೆಳೆಯುತ್ತದೆ, ಜಾಗ ಬೇಕು.

ಬಳ್ಳಾರಿ, ಗಂಜಾಂ: ನಮ್ಮದೇ ರಾಜ್ಯದ ಹೆಸರುಗಳು. ಹುಟ್ಟಿ ಬೆಳೆದದ್ದು ಒಣ ಸೀಮೆಯಲ್ಲಿ. ಕರಾವಳಿಯ ಮಳೆಗೆ ಒಡ್ಡುವುದು ಕಷ್ಟ.

ಅತ್ತಿ: ನಮ್ಮ ಮಳೆಗೆ ಇದಕ್ಕೆ ಹೆದರಿಕೆ ಇಲ್ಲ. ತೋಡಿನ ಬದಿಯಲ್ಲಿ ತಾನೇ ಬೆಳೆಯುತ್ತದೆ. ಆದರೆ ದೊಡ್ಡ ಮರ. ಬೇರು ಬಲು ದೂರ ಹೋಗುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಗೋಡೆಯ ಹತ್ತಿರ, ಬಾವಿಯ ಹತ್ತಿರ ಬೇಡ.

ನಮ್ಮ ಮನೆಗೆ ಯಾವುದು?

ಮಣಿಪಾಲದಲ್ಲಿ ತಾರಸಿ ಮನೆ, ಫ್ಲ್ಯಾಟ್ ಹೆಚ್ಚು. ಅಲ್ಲಿ ಚಟ್ಟಿಯಲ್ಲಿ ಬ್ರೌನ್ ಟರ್ಕಿ ಬೆಳೆಸಬಹುದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು.

ಕಾಪು ಕಡೆ ಹೊಯಿಗೆ ಮಣ್ಣು. ನೀರು ಬೇಗ ಇಳಿಯುತ್ತದೆ, ಅದು ಒಳ್ಳೆಯದೇ. ಉಪ್ಪಿನ ಗಾಳಿಯನ್ನು ಅಂಜೂರ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆದರೆ ಹೊಯಿಗೆ ಮಣ್ಣಿನಲ್ಲಿ ಬೇರಿಗೆ ಗಂಟು ಕಟ್ಟಿಸುವ ಕಣ್ಣಿಗೆ ಕಾಣದ ಹುಳದ ಕಾಟ ಜಾಸ್ತಿ. ಬುಡಕ್ಕೆ ಬೇವಿನ ಹಿಂಡಿ ಹಾಕಿ. ಸುತ್ತ ಗೊಂಡೆ ಹೂವಿನ ಗಿಡ ನೆಡಿ. ಅತ್ತಿ ಗಿಡದ ಮೇಲೆ ಕಸಿ ಕಟ್ಟಿದ ಅಂಜೂರ ಸಿಕ್ಕರೆ ಇನ್ನೂ ಒಳ್ಳೆಯದು. ಅತ್ತಿಯ ಬೇರು ಈ ಹುಳವನ್ನು ತಡೆದುಕೊಳ್ಳುತ್ತದೆ.

ಕಾರ್ಕಳ ಕಡೆ ಮುರಕಲ್ಲಿನ ನೆಲ, ಜಡಿಮಳೆ. ಹೊಂಡ ತೆಗೆದು ನೆಟ್ಟರೆ ಹೊಂಡವೇ ಬಾವಿಯಾಗುತ್ತದೆ. ಮಣ್ಣು ಏರಿಸಿ ದಿಬ್ಬ ಮಾಡಿ ನೆಡಬೇಕು. ಚಟ್ಟಿಯಾದರೆ ಮಳೆಗಾಲದಲ್ಲಿ ಜಗಲಿಯ ಬದಿಗೆ ಸರಿಸಬಹುದು. ಮಾಡಿನ ನೀರು ಅದರ ಮೇಲೆ ಬೀಳಬಾರದು.

ಉಡುಪಿ ಪೇಟೆಯಲ್ಲಿ ಸಣ್ಣ ಅಂಗಳ ಇದ್ದವರು ಪೂನಾ ಅಥವಾ ಬ್ರೌನ್ ಟರ್ಕಿ ಒಂದನ್ನು ಚಟ್ಟಿಯಲ್ಲಿ ಮೊದಲು ನೋಡಿ. ಒಂದು ಗಿಡ ಗೆದ್ದ ಮೇಲೆ ಎರಡನೆಯದು ತನ್ನಿ.

ಇನ್ನೊಂದು ಮಾತು ನೇರವಾಗಿ ಹೇಳುತ್ತೇವೆ. ನಿಮ್ಮಲ್ಲಿ ಒಂದೇ ಗಿಡಕ್ಕೆ ಜಾಗ ಇದ್ದು, ಮನೆಮಂದಿಯ ಹೊಟ್ಟೆಗೆ ಆಗಬೇಕು ಅಂತಿದ್ದರೆ, ನೆಲಕ್ಕೆ ಜೀಗುಜ್ಜೆ ಅಥವಾ ನುಗ್ಗೆ ನೆಡಿ. ಅವು ನಮ್ಮ ಮಳೆಗೆ ಒಗ್ಗಿದ ಗಿಡಗಳು. ಅಂಜೂರ ಚಟ್ಟಿಯಲ್ಲಿ ಇರಲಿ.

ನೆಡುವ ಕ್ರಮ

ಹದಿನೆಂಟು ಇಂಚಿನ ಚಟ್ಟಿ ತನ್ನಿ. ಅಡಿಯಲ್ಲಿ ತೂತು ಇರಲಿ. ತೂತಿನ ಮೇಲೆ ಹಂಚಿನ ಚೂರು ಇಡಿ. ಕೆಂಪು ಮಣ್ಣು, ಹೊಯಿಗೆ, ಹಳೆಯ ಹಟ್ಟಿಗೊಬ್ಬರ ಸಮಸಮ ಬೆರೆಸಿ ತುಂಬಿ. ಗೆಲ್ಲಿನಿಂದ ಗಿಡ ಮಾಡುವುದಾದರೆ ಬಲಿತ ಗೆಲ್ಲು ಬೇಕು. ಪೆನ್ಸಿಲಿಗಿಂತ ದಪ್ಪ, ಒಂದು ಗೇಣು ಉದ್ದ ಸಾಕು. ಅರ್ಧದಷ್ಟು ಮಣ್ಣಿನೊಳಗೆ ಇರಲಿ. ನೆರಳಿನಲ್ಲಿಟ್ಟರೆ ಒಂದೆರಡು ತಿಂಗಳಲ್ಲಿ ಬೇರು ಬರುತ್ತದೆ.

ಹಣ್ಣು ಬೇಸಿಗೆಯಲ್ಲಿ ಬರುವ ಹಾಗೆ ಮಾಡಬೇಕು. ಇದೇ ಮುಖ್ಯ ಗುಟ್ಟು. ಪುರಂದರದಲ್ಲಿ ಮಳೆಗಾಲದ ಬೆಳೆಗೆ 'ಖಟ್ಟಾ ಬಹಾರ್', ಅಂದರೆ ಹುಳಿ ಬೆಳೆ ಅನ್ನುತ್ತಾರೆ. ಬೇಸಿಗೆಯದಕ್ಕೆ 'ಮೀಠಾ ಬಹಾರ್', ಸಿಹಿ ಬೆಳೆ. ನಾವು ಸಿಹಿ ಬೆಳೆಯನ್ನೇ ಹಿಡಿಯೋಣ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ ಗೆಲ್ಲುಗಳ ತುದಿ ಕತ್ತರಿಸಿ. ಗೊಬ್ಬರ ಕೊಡಿ. ಹೊಸ ಚಿಗುರಿನಲ್ಲಿ ಕಾಯಿ ಮೂಡುತ್ತದೆ. ನಾಲ್ಕೈದು ತಿಂಗಳಿಗೆ ಹಣ್ಣು. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ನಾಲ್ಕು ದಿನ ಬಿಟ್ಟು ಒಮ್ಮೆಲೇ ತುಂಬಾ ಹೊಯ್ದರೆ ಹಣ್ಣು ಒಡೆಯುತ್ತದೆ.

ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಆಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಅದೇ ಮೈಲುತುತ್ತು ಮದ್ದು. 100 ಗ್ರಾಂ ಮೈಲುತುತ್ತನ್ನು 5 ಲೀಟರ್ ನೀರಿನಲ್ಲಿ ಕರಗಿಸಿ. 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿ ಕದಡಿ. ಪ್ಲಾಸ್ಟಿಕ್ ಬಾಲ್ದಿಯೇ ಬೇಕು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಿರಿ. ತಿಕ್ಕಿದ ಕಬ್ಬಿಣದ ಕತ್ತಿ ಅದ್ದಿ ನೋಡಿ. ಕತ್ತಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಿ. ಅದೇ ದಿನ ಬಳಸಿ. ಹಣ್ಣು ಕೊಯ್ದು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಸಿಂಪಡಿಸಿ. ಬಾಯಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳನ್ನು ದೂರ ಇಡಿ. ಉದುರಿದ ಎಲೆಗಳನ್ನು ಗುಡಿಸಿ ಸುಟ್ಟುಬಿಡಿ.

ಕೊಯ್ಯುವುದು, ತಿನ್ನುವುದು

ಅಂಜೂರವನ್ನು ಕಾಯಿ ಕೊಯ್ದು ಬಾಳೆಕಾಯಿಯ ಹಾಗೆ ಹಣ್ಣಿಗಿಡಲು ಆಗುವುದಿಲ್ಲ. ಗಿಡದಲ್ಲೇ ಹಣ್ಣಾಗಬೇಕು. ಹಣ್ಣು ಮೆತ್ತಗಾಗಿ ಕತ್ತು ಬಗ್ಗಿಸಿದರೆ ಕೊಯ್ಯಿರಿ. ಹಾಲು ತಾಗಿದರೆ ತುರಿಸುತ್ತದೆ. ಹಲಸು ಕೊಯ್ಯುವಾಗಿನಂತೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಹಕ್ಕಿ, ಬಾವಲಿ ಬಾರದಂತೆ ತೆಳು ಬಟ್ಟೆಯ ಚೀಲ ಕಟ್ಟಿ.

ಅಂಜೂರದಲ್ಲಿ ನಾರು ಉಂಟು, ಸುಣ್ಣದ ಅಂಶ ಉಂಟು. ಮಲಬದ್ಧತೆಗೆ ಒಳ್ಳೆಯದು. ಆದರೆ ಅದೊಂದನ್ನೇ ತಿಂದರೆ ರಕ್ತಹೀನತೆ ಹೋಗುವುದಿಲ್ಲ. ಹರಿವೆ, ನುಗ್ಗೆ ಸೊಪ್ಪು, ಬೇಳೆಕಾಳು ಬೇಕು, ಡಾಕ್ಟರು ಕೊಟ್ಟ ಮಾತ್ರೆಯೂ ಬೇಕು. ಒಣ ಅಂಜೂರದಲ್ಲಿ ಸಕ್ಕರೆ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರು ಕೇಳಿ ತಿನ್ನಬೇಕು.

ಚೀಟಿ ಓದಿ, ಆಮೇಲೆ ಹಣ ಕೊಡಿ

ನಾವು ಅಕ್ಷರ ಕಲಿತದ್ದು ಇದಕ್ಕೇ. ಗಿಡ ಕೊಳ್ಳುವಾಗ ನಾಲ್ಕು ವಿಷಯ ನೋಡಿ:

1. ತಳಿಯ ಹೆಸರು ಚೀಟಿಯಲ್ಲಿ ಉಂಟಾ?
2. ಗೆಲ್ಲಿನ ಗಿಡವಾ, ಕಸಿಯಾ, ಬೀಜದ್ದಾ?
3. ಬೇರಿನಲ್ಲಿ ಗಂಟು, ಎಲೆಯ ಅಡಿಯಲ್ಲಿ ತುಕ್ಕು ಉಂಟಾ?
4. ಬಿಲ್ ಕೊಡುತ್ತಾರಾ?

ಚೀಟಿ ಇಲ್ಲದ ಗಿಡ ಬೇಡ. ಸಂಶಯ ಬಂದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಕೇಳಲು ನಾಚಿಕೆ ಬೇಡ.

ಪದಗಳ ಅರ್ಥ

ತಳಿ: ಒಂದೇ ಜಾತಿಯಲ್ಲಿ ಬೇರೆ ಗುಣದ ಗಿಡ
ಪರಾಗ: ಹೂವಿನೊಳಗಿನ ಹುಡಿ
ಕಸಿ: ಒಂದು ಗಿಡಕ್ಕೆ ಇನ್ನೊಂದರ ಗೆಲ್ಲನ್ನು ಕೂಡಿಸುವುದು
ದ್ರಾವಣ: ನೀರಿನಲ್ಲಿ ಕರಗಿಸಿದ ಮದ್ದು

ಉತ್ತರ ಹೇಳಿ

1. ಬೀಜದ ಗಿಡ ಯಾಕೆ ಬೇಡ?
2. ಸ್ಮಿರ್ನಾ ತಳಿ ನಮ್ಮ ಊರಲ್ಲಿ ಯಾಕೆ ಹಣ್ಣು ಬಿಡುವುದಿಲ್ಲ?
3. ಗೆಲ್ಲಿನ ತುದಿಯನ್ನು ಯಾವ ತಿಂಗಳಲ್ಲಿ ಕತ್ತರಿಸಬೇಕು? ಯಾಕೆ?

ಲೆಕ್ಕ ಮಾಡಿ

1. 10 ಲೀಟರ್ ಬೋರ್ಡೋ ದ್ರಾವಣಕ್ಕೆ 100 ಗ್ರಾಂ ಮೈಲುತುತ್ತು. 5 ಲೀಟರಿಗೆ ಎಷ್ಟು?
2. ಒಂದು ಗಿಡಕ್ಕೆ 150 ರೂಪಾಯಿ, ಚಟ್ಟಿಗೆ 200 ರೂಪಾಯಿ, ಗೊಬ್ಬರಕ್ಕೆ 50 ರೂಪಾಯಿ ಎಂದುಕೊಳ್ಳಿ. ಒಟ್ಟು ಎಷ್ಟು? ಸಂಘದಲ್ಲಿ ವಾರಕ್ಕೆ 50 ರೂಪಾಯಿ ಉಳಿಸಿದರೆ ಎಷ್ಟು ವಾರ ಬೇಕು?

ಬರೆಯಿರಿ

ನಿಮ್ಮ ಮನೆಯ ಸುತ್ತ ಇರುವ ಹಣ್ಣಿನ ಗಿಡಗಳ ಹೆಸರು ಬರೆಯಿರಿ. ಅವನ್ನು ನೆಟ್ಟವರು ಯಾರು, ಎಷ್ಟು ವರ್ಷಕ್ಕೆ ಫಲ ಬಂತು ಅಂತ ಮನೆಯವರನ್ನು ಕೇಳಿ ಬರೆದು ತನ್ನಿ. ಮುಂದಿನ ತರಗತಿಯಲ್ಲಿ ಎಲ್ಲರೂ ಓದಿ ಹೇಳೋಣ.